ಜೀರಕಿ ಬೂಟು

ಕಾಲು ಕೊರೆಯುತ್ತಿದ್ದರೆ ಬಂದೂಕು ನೆಟ್ಟಗೆ ನಿಲ್ಲುವುದಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಬೇಟೆ ಅಂದರೆ ಕಣ್ಣು, ಕೈ, ಗುಂಡಿಗೆ ಅನ್ನುತ್ತಾರೆ. ಹಾಗನ್ನುವವರು ಮನೆಯಲ್ಲಿ ಕಂಬಳಿ ಹೊದ್ದು ಮಲಗುವ ಮಂದಿ. ಚಳಿಗಾಲದ ನಸುಕಿನಲ್ಲಿ, ಮಂಜು ಬಿದ್ದ ಗದ್ದೆಯ ಬದುವಿನ ಮೇಲೆ ಎರಡು ತಾಸು ಅಲ್ಲಾಡದೆ ಕೂತು ನೋಡಲಿ, ಆಮೇಲೆ ಮಾತಾಡೋಣ.

ನಮ್ಮೂರು ಮಿಶ್ರಿಕೋಟಿಯಿಂದ ಸ್ವಲ್ಪ ದೂರ, ಅಡವಿಯ ಅಂಚಿಗೆ. ಭತ್ತ ತೆನೆಗಟ್ಟಿ ಬಾಗುವ ಹೊತ್ತಿಗೆ ಹಂದಿ ಇಳಿಯುತ್ತಿದ್ದವು. ತಿನ್ನುವುದು ಕಡಿಮೆ, ಹೊರಳಾಡಿ ಹಾಳು ಮಾಡುವುದೇ ಹೆಚ್ಚು. ಬೆಳೆ ಕಾಯಲು ಲೈಸನ್ಸು ಇದ್ದ ಬಂದೂಕು ಊರಿನಲ್ಲಿ ಒಂದೇ. ಅದು ನಮ್ಮ ಅಪ್ಪನದು, ಅವನ ನಂತರ ನನ್ನದು. ಇಲ್ಲಿ ಒಂದು ತಮಾಷೆ ಇದೆ. ಹೊಡೆಯುವವನು ನಾನು, ಮಲಿಕಸಾಬ. ಹಂದಿಯನ್ನು ಮುಟ್ಟುವ ಮಾತೇ ಇಲ್ಲ. ಜೊತೆಗೆ ಬರುವವನು ಗದ್ದೆಯ ಒಡೆಯ ಕುಬೇರಪ್ಪ. ಕೊರಳಲ್ಲಿ ಲಿಂಗ ಕಟ್ಟಿದವನು, ತತ್ತಿಯ ಹೆಸರು ಕೇಳಿದರೂ ಮುಖ ತಿರುಗಿಸುವವನು. ಇಬ್ಬರೂ ಕೂಡಿ ಹಂದಿ ಬೇಟೆಗೆ ಹೋಗುತ್ತಿದ್ದೆವು. ಬಿದ್ದದ್ದನ್ನು ತಿನ್ನುವವರು ಬಂದು ಒಯ್ಯುತ್ತಿದ್ದರು. ನಾವು ಚಹಾ ಕುಡಿದು ಮನೆ ಸೇರುತ್ತಿದ್ದೆವು.

ಎಂಬತ್ತೆರಡನೇ ಇಸವಿಯ ಚಳಿಗಾಲದವರೆಗೆ ನಾನು ಬರಿಗಾಲಿನಲ್ಲಿಯೇ ಬೇಟೆಗೆ ಹೋದವನು. ಆ ವರ್ಷ ಬಲಗಾಲು ಸೀಳಿತು. ಸೀಳಿದ ಕಡೆ ಕೆಸರು ಹೊಕ್ಕಿತು. ಕಿರುಬೆರಳು ಮೊದಲು ಮರಗಟ್ಟಿತು, ಆಮೇಲೆ ಬಾತುಕೊಂಡಿತು, ಆಮೇಲೆ ಕಪ್ಪಾಯಿತು. ಕಲಘಟಗಿಯ ದವಾಖಾನೆಯಲ್ಲಿ ಅದನ್ನು ತೆಗೆದೇ ಬಿಟ್ಟರು. ಪಟ್ಟಿ ಬಿಚ್ಚುವ ದಿನ ಡಾಕ್ಟರ್ ನೇರವಾಗಿ ಹೇಳಿದರು.

"ಮುಂದಿನ ಚಳಿಗಾಲಕ್ಕ ಮತ್ತ ಹಸಿ ಗದ್ದ್ಯಾಗ ಬರಿಗಾಲಿಲೆ ನಿಂತ್ರ ಬೆರಳಷ್ಟ ಅಲ್ಲ, ಪಾದಾನ ತಗೀಬೇಕಾಗ್ತೈತಿ. ಒಂದರ ಬೂಟು ಹಾಕೊ, ಇಲ್ಲಾ ಬೇಟಿ ಬಿಡು."

ಬೇಟೆ ಬಿಡುವುದು ಅಂದರೆ ಏನು? ಅಪ್ಪನ ಬಂದೂಕು ಗೋಡೆಗೆ ತೂಗುಹಾಕಿ ಜೇಡರ ಬಲೆಗೆ ಕೊಡುವುದು. ಕುಬೇರಪ್ಪನ ಗದ್ದೆ ಹಂದಿಯ ಪಾಲು, ನನ್ನ ತುಂಡು ಹೊಲವೂ ಅದರ ಹಿಂದೆಯೇ. ಹೀಗಾಗಿ ಎಂಬತ್ತಮೂರರ ದೀಪಾವಳಿ ಮುಗಿಯುತ್ತಲೇ ನಾನು ಬೂಟಿನ ಬೆನ್ನು ಹತ್ತಿದೆ.

ಮೊದಲು ಹುಬ್ಬಳ್ಳಿಗೆ ಹೋಗಿ ಗಂಬೂಟು ತಂದೆ. ಕರಿ ರಬ್ಬರು, ಮೊಣಕಾಲಿನವರೆಗೆ. ಹೊರಗಿನ ನೀರು ಒಳಗೆ ಬರುವುದಿಲ್ಲ ಎಂದು ಅಂಗಡಿಯವನು ಹೇಳಿದ್ದು ಖರೆ. ಒಳಗಿನ ಬೆವರು ಹೊರಗೆ ಹೋಗುವುದಿಲ್ಲ ಎಂದು ಅವನು ಹೇಳಲಿಲ್ಲ. ಒಂದು ತಾಸು ನಡೆದು ಕೂತರೆ ಆ ಬೆವರು ತಣ್ಣಗಾಗಿ, ಕಾಲನ್ನು ಬಾವಿಯಲ್ಲಿ ಇಳಿಬಿಟ್ಟ ಹಾಗೆ. ಅದನ್ನು ಜಮೀಲಾಬಿ, ನನ್ನ ಹೆಂಡತಿ, ಸಗಣಿ ಬಳಿಯಲು ಇಟ್ಟುಕೊಂಡಳು.

ಎರಡನೆಯದು ಈರಬಸಪ್ಪನ ಮಿಲಿಟರಿ ಬೂಟು. ಅವನು ಫೌಜಿನಿಂದ ನಿವೃತ್ತನಾಗಿ ಬಂದು ಊರಿನಲ್ಲಿ ಜೋರು ದನಿಯಲ್ಲಿ ಮಾತಾಡುತ್ತ ಕೂತವನು. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ತಂದ, ದೇವರ ಮೂರ್ತಿ ತಂದ ಹಾಗೆ.

"ಕಾಶ್ಮೀರದ ಹಿಮದಾಗ ನಡದಾವ ಇವು. ನಿನ್ನ ಗದ್ದಿ ಯಾವ ಲೆಕ್ಕ?"

ಹಿಮದಲ್ಲಿ ನಡೆದಿರಬಹುದು. ನಮ್ಮ ರಾಡಿಯಲ್ಲಿ ನಡೆಯಲಿಲ್ಲ. ಬೂಟಿನ ತಳದ ತುಂಬ ಕಬ್ಬಿಣದ ಮೊಳೆ. ಆ ಮೊಳೆಗಳು ನೆಲದ ಚಳಿಯನ್ನು ಹೀರಿ ಹೀರಿ ನನ್ನ ಪಾದಕ್ಕೆ ಕೊಡುತ್ತಿದ್ದವು. ಅಲ್ಲದೆ ಬಿಗಿ. ಎರಡು ದಿನಕ್ಕೆ ಕಿರುಬೆರಳು ಇದ್ದ ಜಾಗ ಮತ್ತೆ ಕೆಂಪಾಯಿತು. ನನಗೆ ಅಂಜಿಕೆ ಬಂತು. ಭತ್ತ ಆಗಲೇ ಹಾಲುಗಟ್ಟಿತ್ತು.

ಆಗ ಕುಬೇರಪ್ಪನೇ ಹೇಳಿದ: "ಊರಾಗ ಹೊಳೆಪ್ಪನ್ನ ಇಟಗೊಂಡು ಹುಬ್ಬಳ್ಳಿ, ಕಾಶ್ಮೀರ ಅಂತ ತಿರಗಾಕತ್ತೀಯಲ್ಲೋ. ಹೊಳೆಪ್ಪಗ ಹೇಳು."

ಹೊಳೆಪ್ಪ ನಮ್ಮೂರಿನ ಜೋಡು ಹೊಲಿಯುವ ಸಮಗಾರ. ಆಗಲೇ ಅರವತ್ತು ದಾಟಿದವನು, ನನಗೆ ಕಾಕಾ. ಅವನು ಹೊಲಿದ ಚಪ್ಪಲಿ ಧಾರವಾಡದ ತನಕ ಹೋಗುತ್ತಿತ್ತು. ಬೂಟು ಮಾತ್ರ ಎಂದೂ ಮಾಡಿದವನಲ್ಲ. ನಾನು ಮುಂಜಾನೆ ಹೋಗಿ ಕಾಲು ಚಾಚಿದರೆ ಅಳತೆ ತೆಗೆದುಕೊಳ್ಳಲೇ ಇಲ್ಲ.

"ಹೋಗಿ ದುಡದು ಸಂಜಿಮುಂದ ಬಾ. ಮುಂಜಾನಿ ಕಾಲು ಬ್ಯಾರೆ, ಸಂಜಿ ಕಾಲು ಬ್ಯಾರೆ. ಉಬ್ಬಿದ ಕಾಲಿಗೆ ಅಳತಿ ತಗೋಬೇಕು."

ಸಂಜೆ ಹೋದೆ. ಒಂದು ತೊಗಲನ್ನು ನೆಲಕ್ಕೆ ಹಾಸಿ ನಿಲ್ಲಲು ಹೇಳಿದ. ಇದ್ದಿಲು ಹಿಡಿದು ಪಾದದ ಸುತ್ತ ಗೆರೆ ಎಳೆದ. ಎಡಗಾಲು ಒಂದೇ ಉಸಿರಿಗೆ ಮುಗಿಯಿತು. ಬಲಗಾಲಿಗೆ ಬಂದಾಗ ಕಿರುಬೆರಳು ಇರಬೇಕಾದ ಕಡೆ ಇದ್ದಿಲು ನಿಂತಿತು, ಎದ್ದಿತು, ಮುಂದೆ ಹೋಯಿತು. ಊರೆಲ್ಲ ನನ್ನ ಬೆರಳಿನ ಬಗ್ಗೆ ಒಂದೊಂದು ಔಷಧ ಹೇಳಿ ನನ್ನ ತಲೆ ತಿಂದಿತ್ತು. ಇವನೊಬ್ಬ ಸುಮ್ಮನಿದ್ದ.

"ಒಳಗ ಏನ್ ಹಾಕ್ತಿ ಕಾಕಾ?" ಎಂದೆ.

"ಹಳೇ ಕಂಬಳಿ. ಹೊಸಾದು ಚುಚ್ಚತೈತಿ. ಹತ್ತು ವರ್ಷ ಮಂದಿ ಹೊದ್ದದ್ದು ಮೆತ್ತಗಿರತೈತಿ. ಸ್ವಲ್ಪ ಸಡ್ಲ ಬಿಡ್ತೇನಿ. ಬಿಗಿ ಬೂಟಿನ್ಯಾಗ ಎಷ್ಟು ಉಣ್ಣಿ ತುಂಬಿದ್ರೂ ಕಾಲು ತಣ್ಣಗ. ಹೊಲಿಗಿ ಮ್ಯಾಲೆ ಜೇನಮೇಣ, ಕುಸುಬಿ ಎಣ್ಣಿ. ನೀರು ಹೊಳ್ಳಿ ಹೋಗಬೇಕು."

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಆಗುತ್ತಿತ್ತು. ನನ್ನ ಬಾಯಿ ಎಂದು ಮುಚ್ಚಿದೆ? ಹೊಸ್ತಿಲ ಹತ್ತಿರ ನಿಂತು, ಅವನಿಗೆ ಹುರುಪು ಬರಲಿ ಎಂದು ಅಂದೆ:

"ಕಾಕಾ, ಅಗದಿ ಚಲೋ ಮಾಡು. ನಾ ಹೊಂಟ್ರ ಊರು ತಿರುಗಿ ನೋಡಬೇಕು!"

ಅವನು ಕತ್ತೆತ್ತಿ ನೋಡಿದ. "ಖರೇನ ಅಂತೀಯೇನು?"

"ಮತ್ತ? ಮದಿಮಗನ ಜೋಡಿನಂಗ ಇರಬೇಕು."

ಹದಿನೈದು ದಿನಕ್ಕೆ ಬೂಟು ಬಂದವು. ಜೇನಿನ ಬಣ್ಣ, ಮೀನಖಂಡದ ತನಕ ಎತ್ತರ, ಮುಂದೆ ತೊಗಲಿನ ದಾರ. ಕಾಲು ಒಳಗೆ ಇಟ್ಟೆ. ಏನು ಹೇಳಲಿ, ಬಿಸಿ ರೊಟ್ಟಿಯ ಬುಟ್ಟಿಯಲ್ಲಿ ಕಾಲಿಟ್ಟ ಹಾಗಾಯಿತು. ಎದ್ದು ಒಂದು ಹೆಜ್ಜೆ ಹಾಕಿದೆ.

ಜೀರ್.

ಇನ್ನೊಂದು ಹೆಜ್ಜೆ. ಜೀರ್.

ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಮದುಮಗನಿಗೋ, ದೊಡ್ಡ ಮನುಷ್ಯನಿಗೋ ಹೊಲಿಯುವ ಜೋಡಿಗೆ ಜೀರಕಿ ಕೂಡಿಸುತ್ತಿದ್ದರು. ಜೋಡಿನ ಅಂಗಾಲಿನ ಎರಡು ಪದರಿನ ನಡುವೆ ಏನೋ ಇಡುತ್ತಾರೆ, ಏನೆಂದು ಯಾರಿಗೂ ಹೇಳುವುದಿಲ್ಲ. ನಡೆದರೆ ಓಣಿಯ ಆ ತುದಿಗೆ ಕೇಳಬೇಕು, ಹಿರಿಯರು ಬಂದರು ಎಂದು ಹೆಂಗಸರು ಸೆರಗು ಸರಿಮಾಡಿಕೊಳ್ಳಬೇಕು. ನನ್ನಂಥವನಿಗೆ ಜೀರಕಿ ಹಾಕಿ ಕೊಟ್ಟದ್ದು ಹೊಳೆಪ್ಪ ಮಾಡಿದ ದೊಡ್ಡ ಮರ್ಯಾದೆ.

ನಾನು ಏನು ಮಾಡಬೇಕಿತ್ತು? ಬೇಟೆಯ ಬೂಟಿಗೆ ಇದು ಯಾಕೆ ಎಂದು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ಎದೆ ಉಬ್ಬಿಸಿಕೊಂಡು ಮೂರು ಓಣಿ ಸುತ್ತಿದೆ. ಬೇಕಿಲ್ಲದಿದ್ದರೂ ಚಹಾದ ಅಂಗಡಿಗೆ ಎರಡು ಸಲ ಹೋದೆ. ಈರಬಸಪ್ಪ ಮಾತು ನಿಲ್ಲಿಸಿ ನೋಡಿದ. ಮನೆಗೆ ಬಂದರೆ ಜಮೀಲಾಬಿ ಬಾಗಿಲಲ್ಲಿ ನಿಂತಿದ್ದಳು. ಮನೆಯಲ್ಲಿ ನಮ್ಮದು ಉರ್ದು; ಬೈಯುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಿದ್ದಳು, ಬಾಜು ಮನೆಯವರಿಗೂ ತಿಳಿಯಲಿ ಎಂದು.

"ಹಂದಿಗೂ ಕಿವಿ ಅದಾವ್ರಿ!"

"ನಿನಗ ಬೇಟಿ ಬಗ್ಗೆ ಏನ್ ಗೊತ್ತೈತಿ? ಸುಮ್ನಿರು," ಎಂದೆ.

ಮರುದಿನ ನಸುಕಿನಲ್ಲಿ ನಾನು, ಕುಬೇರಪ್ಪ ಹೋದೆವು. ಮಂಜು ದಟ್ಟವಾಗಿತ್ತು. ಹಿಂಡು ಗದ್ದೆಯಲ್ಲಿಯೇ ಇತ್ತು, ತೆನೆ ಜಗಿಯುವ ಸದ್ದು ಸ್ಪಷ್ಟ ಕೇಳುತ್ತಿತ್ತು. ಬಂದೂಕು ಹಿಡಿದು ಬದುವಿನ ಮೇಲೆ ಒಂದು ಹೆಜ್ಜೆ ಇಟ್ಟೆ.

ಜೀರ್.

ಜಗಿಯುವುದು ನಿಂತಿತು. ಉಸಿರು ಹಿಡಿದು ನಿಂತೆ. ಮತ್ತೆ ಜಗಿಯತೊಡಗಿದವು. ಅಂಗಾಲಿನ ಅಂಚಿನ ಮೇಲೆ ಭಾರ ಹಾಕಿ, ಕಳ್ಳನ ಹಾಗೆ ಇನ್ನೊಂದು ಹೆಜ್ಜೆ ಇಟ್ಟೆ. ಜೀ...ರ್! ಮೆಲ್ಲಗೆ ಇಟ್ಟಷ್ಟೂ ಉದ್ದವಾಗಿ ಕೂಗಿತು. ಹಿಂಡು ಒಮ್ಮೆಲೇ ಎದ್ದು, ಅದುವರೆಗೆ ಮುಟ್ಟದೆ ಉಳಿದಿದ್ದ ಮೂಲೆಯನ್ನೂ ತುಳಿದು ಅಡವಿ ಸೇರಿತು.

ಕುಬೇರಪ್ಪ ಮುರಿದು ಬಿದ್ದ ಭತ್ತ ನೋಡಿದ, ನನ್ನ ಬೂಟು ನೋಡಿದ.

"ಲೇ ಮಲಿಕಾ, ಹಂದಿ ಹೊಡ್ಯಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?"

ನಗುತ್ತ ಹೇಳಿದನಾದರೂ ಕಣ್ಣಲ್ಲಿ ನೀರಿತ್ತು. ಆ ಮೂಲೆಯ ಭತ್ತ ಅವನ ಮನೆಯ ವರ್ಷದ ಅನ್ನ.

ನೆಟ್ಟಗೆ ಹೊಳೆಪ್ಪನ ಮನೆಗೆ ಹೋದೆ. ಅವನಿನ್ನೂ ಮುಖ ತೊಳೆದಿರಲಿಲ್ಲ.

"ಕಾಕಾ, ಈ ಜೀರಕಿ ತಗಿ."

"ಯಾಕ? ನೀನ ಹೇಳಿದ್ದೀ, ಊರು ತಿರುಗಿ ನೋಡಬೇಕಂತ."

"ಊರು ನೋಡ್ಲಿ ಅಂದಿದ್ದೆ, ಹಂದಿ ನೋಡಲಿ ಅಂದಿದ್ನೇನು?"

"ನಿನ್ನ ಬಾಯಿ ನಿನ್ನ ಕೈಯಾಗ ಇರಬೇಕಿತ್ತು," ಎಂದು ಅವನು ಬೂಟನ್ನು ತಿರುಗಿಸಿ ನೋಡಿದ. "ಇದನ್ನ ತಗದ್ರ ಅಂಗಾಲು ಬಿಚ್ಚಬೇಕು. ಬಿಚ್ಚಿ ಮತ್ತ ಹೊಲಿದ್ರ ಮೊದಲಿನ ತೂತು ದೊಡ್ಡವಾಗತಾವು, ನೀರು ಹೊಗತೈತಿ. ಸಪ್ಪಳಿಲ್ಲದ್ದು ಬೇಕೋ, ನೀರು ಹೊಗದ್ದು ಬೇಕೋ? ಎರಡರಾಗ ಒಂದು ಹೇಳು."

ನಾನು ಕೂತುಬಿಟ್ಟೆ. ಒಂದು ಕಡೆ ನನ್ನ ಪಾದ, ಒಂದು ಕಡೆ ಕುಬೇರಪ್ಪನ ಗದ್ದೆ. ಹೊಸ ಬೂಟು ಹೊಲಿಯಲು ಮತ್ತೆ ಹದಿನೈದು ದಿನ. ಅಷ್ಟರಲ್ಲಿ ಗದ್ದೆಯಲ್ಲಿ ಕೊಯ್ಯಲು ಏನೂ ಉಳಿಯುತ್ತಿರಲಿಲ್ಲ. ಹೊಳೆಪ್ಪ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡು ಕೇಳಿದ:

"ಹಂದಿ ಬಂದಮ್ಯಾಲೆ ನಡದ ಹೋಗಿ ಯಾಕ ಹೊಡೀತಿ? ಅವು ಬರೂಕಿಂತ ಮೊದಲ ಹೋಗಿ ಕುಂದ್ರಾಕ ಏನ್ ಧಾಡಿ?"

"ಕುಂತ್ರ ಕಾಲು ಕೊರೀತಾವ ಕಾಕಾ. ಅದಕ್ಕ ಅಡ್ಡಾಡಿಕೋತ ಕಾಯೂದು."

"ಯಾವ ಕಾಲು? ಹ್ವಾದ ವರ್ಷದ ಕಾಲೇನು?" ಎಂದು ಬೂಟನ್ನು ನನ್ನ ತೊಡೆಯ ಮೇಲೆ ಎಸೆದ. "ಕಂಬಳಿ ಸುಮ್ನ ಹಾಕೇನೇನು? ಅಡ್ಡಾಡಾಕ ಚಪ್ಪಲಿ ಸಾಕು. ಇದು ಕುಂದ್ರಾಕ ಮಾಡಿದ ಬೂಟು."

ಜೀವಮಾನವೆಲ್ಲ ಬೇಟೆ ಆಡಿದವನಿಗೆ, ಬಂದೂಕನ್ನು ಕೈಯಿಂದ ಮುಟ್ಟದ ಮನುಷ್ಯ ಬೇಟೆ ಕಲಿಸಿದ. ಹೌದಲ್ಲ! ಚಳಿಗೆ ಕಾಲು ಕುಟ್ಟುತ್ತ, ಬದುವಿನ ಮೇಲೆ ಸುತ್ತು ಹಾಕುತ್ತ, ಹಂದಿ ಬಂದ ಸುದ್ದಿ ಕೇಳಿ ಓಡುತ್ತ ನಾನು ಇಪ್ಪತ್ತು ವರ್ಷ ಕಳೆದಿದ್ದೆ. ಅದೇ ಸರಿಯಾದ ರೀತಿ ಎಂದು ನಂಬಿದ್ದೆ.

ಮುಂದಿನ ಸಲ ಕೋಳಿ ಕೂಗುವ ಮೊದಲೇ ಗದ್ದೆಗೆ ಹೋದೆ. ಜೀರ್ ಜೀರ್ ಎಂದು ಸದ್ದು ಮಾಡುತ್ತಲೇ ಹೋದೆ, ಕೇಳುವವರು ಯಾರೂ ಇರಲಿಲ್ಲ. ಮತ್ತಿಯ ಮರದ ಬುಡದಲ್ಲಿ ಕೂತೆ. ಕುಬೇರಪ್ಪ ಕಂಬಳಿಯನ್ನು ತಲೆಯ ಮೇಲಿಂದ ಖೊಪ್ಪಿ ಹಾಕಿಕೊಂಡು ಬಾಜುವಿನಲ್ಲಿ ಕೂತ. ಮಂಜು ಇಳಿಯಿತು. ಹುಲ್ಲು ಒದ್ದೆಯಾಯಿತು. ಅವನ ಹಲ್ಲು ಕಟಕಟ ಅನ್ನತೊಡಗಿದವು. ನಾನು ಬೂಟಿನೊಳಗೆ ಬೆರಳು ಒಂದೊಂದಾಗಿ ಆಡಿಸಿ ನೋಡಿದೆ. ಒಂಬತ್ತೂ ಬೆಚ್ಚಗಿದ್ದವು. ಒಂಬತ್ತೂ ನನ್ನ ಮಾತು ಕೇಳುತ್ತಿದ್ದವು. ಅಲ್ಲಾಹನನ್ನು ನೆನೆದೆ, ಆಮೇಲೆ ಹೊಳೆಪ್ಪನನ್ನು ನೆನೆದೆ, ಅವನ ಹಳೆಯ ಕಂಬಳಿ ಹೊದ್ದು ಹೊದ್ದು ಮೆತ್ತಗೆ ಮಾಡಿದ ಯಾರೋ ಗೊತ್ತಿಲ್ಲದವರನ್ನೂ ನೆನೆದೆ.

ಮೂಡಲು ಬೆಳ್ಳಗಾಗುವ ಹೊತ್ತಿಗೆ ಹಿಂಡು ಇಳಿಯಿತು. ಮುಂದೆ ದೊಡ್ಡ ಗಂಡು. ನಾನು ಅಲ್ಲಾಡಲಿಲ್ಲ, ಅಲ್ಲಾಡಬೇಕು ಎಂದು ಅನ್ನಿಸಲೂ ಇಲ್ಲ. ಬಂದೂಕು ಕಲ್ಲಿನ ಹಾಗೆ ನಿಂತಿತು. ಒಂದೇ ಗುಂಡು. ಗಂಡು ಬಿತ್ತು, ಉಳಿದವು ಹೋದವು, ಕೊಯ್ಲಿನವರೆಗೆ ತಿರುಗಿ ಬರಲಿಲ್ಲ. ಆ ಚಳಿಗಾಲ ಮುಗಿದ ಮೇಲೆ ಕಲಘಟಗಿಗೆ ಹೋಗಿ ಡಾಕ್ಟರಿಗೆ ಪಾದ ತೋರಿಸಿದೆ. ಅವರು ಒತ್ತಿ ನೋಡಿ, "ಚಲೋ ಐತಿ. ಯಾವ ಕಂಪನಿ ಬೂಟು?" ಎಂದರು. "ಹೊಳೆಪ್ಪ ಕಂಪನಿ," ಎಂದೆ.

ಇನ್ನೊಂದು ಮಾತು ಉಳಿದಿದೆ. ಮುಂದಿನ ಜನವರಿಯಲ್ಲಿ ಕುಬೇರಪ್ಪ ಕಬ್ಬಿಗೆ ನೀರು ಹಾಯಿಸಲು ಒಂದು ದಿನದ ಮಟ್ಟಿಗೆ ಬೂಟು ಕೇಳಿ ಒಯ್ದ. ನಮ್ಮಿಬ್ಬರ ಪಾದ ಒಂದೇ ಅಳತೆ. ಅರ್ಧ ತಾಸಿಗೆ ಕುಂಟುತ್ತ ಬಂದ.

"ಬಲಗಾಲಾಗ ಹೊಳೆಪ್ಪ ಏನೋ ಗಂಟು ಬಿಟ್ಟಾನಲೇ. ಕಿರಿಬೆರಳಿಗೆ ಜಾಗಾನ ಇಲ್ಲ. ಹೆಂಗ ಹಾಕೋತೀಯೋ ಮಾರಾಯಾ?"

ನಾನು ಕೈ ಹಾಕಿ ನೋಡಿದೆ. ಗಂಟಲ್ಲ. ಕಿರುಬೆರಳಿನ ಜಾಗದಲ್ಲಿ ಉಣ್ಣೆಯನ್ನು ಮಡಚಿ, ಮೇಲೆ ಎಳೆಯ ತೊಗಲು ಸುತ್ತಿ, ಒಂದು ಬೆರಳಿನಷ್ಟೇ ಗಾತ್ರ ಮಾಡಿ, ಕಣ್ಣಿಗೆ ಕಾಣದ ಹಾಗೆ ಹೊಲಿದಿದ್ದ. ಕಾಲು ಒಳಗೆ ಜಾರದಿರಲಿ, ಗಾಯದ ಜಾಗ ತಿಕ್ಕದಿರಲಿ ಎಂದು. ಎರಡು ಚಳಿಗಾಲ ಹಾಕಿಕೊಂಡು ತಿರುಗಿದರೂ ನನಗೆ ಗೊತ್ತಾಗಿರಲಿಲ್ಲ. ಬೂಟು ಚೆನ್ನಾಗಿ ಕೂತಿದೆ ಎಂದಷ್ಟೇ ತಿಳಿದಿದ್ದೆ.

ಅದನ್ನೇ ಮೆಟ್ಟಿಕೊಂಡು ಹೊಳೆಪ್ಪನ ಕಡೆ ಹೋದೆ. ಅವನು ಯಾರದೋ ಚಪ್ಪಲಿಗೆ ಉಂಗುಷ್ಠ ಕೂಡಿಸುತ್ತಿದ್ದ.

"ಕಾಕಾ, ಬೆರಳು ಮಾಡಿ ಇಟ್ಟೀ. ಒಂದು ಮಾತು ಯಾಕ ಹೇಳಲಿಲ್ಲ?"

"ಹೇಳೂದೇನೈತಿ ಅದರಾಗ? ಬೂಟಿಗೆ ಗೊತ್ತಿದ್ರ ಸಾಕು," ಎಂದ, ತಲೆ ಎತ್ತದೆ.

ನಾನು ಹೊರಗೆ ಬಂದೆ. ಅವನ ಓಣಿಯಿಂದ ನಮ್ಮ ಮನೆಯವರೆಗೆ ಒಂದೊಂದು ಹೆಜ್ಜೆಯನ್ನೂ ಒತ್ತಿ ಒತ್ತಿ ಇಟ್ಟೆ. ಜೀರ್. ಜೀರ್. ಚಹಾದ ಅಂಗಡಿಯವರು ನೋಡಿದರು, ಈರಬಸಪ್ಪ ನೋಡಿದ, ಜಮೀಲಾಬಿ ಬಾಗಿಲಿಗೆ ಬಂದು ನೋಡಿದಳು. ಯಾರು ಹೊಲಿದದ್ದು ಎಂದು ಅವತ್ತು ಯಾರೂ ಕೇಳಲಿಲ್ಲ. ಆದರೂ ಎಲ್ಲರಿಗೂ ನಾನೇ ನಿಂತು ಹೇಳಿದೆ.