ಬೀಗತಿಯ ಮಗ್ಗುಲಲ್ಲಿ

“ಕೈ ತಗಿ ಮಹೇಶ್ವರಿ. ಬಾಯಿ ತೊಳದ ಮ್ಯಾಲೇ ಪಾದೋದಕ ಬಿಡೂದು,” ಎಂದು ಅತ್ತೆ ನೀಲಾಬಾಯಿ ತಂಬಿಗೆ ಎತ್ತಿಕೊಂಡರು.

ಮಹೇಶ್ವರಿ ಅವ್ವನ ಬಾಯಿ ಮುಚ್ಚಿದ್ದ ಅಂಗೈ ತೆಗೆಯಲಿಲ್ಲ. ಇಳಕಲ್ಲಿನ ತವರುಮನೆಯಲ್ಲಿ ಮುಂಜಾನೆ ಅವ್ವನ ಜೀವ ಹೋಗಿತ್ತು. ಮೀಯಿಸಲು ಅವ್ವ ಶೈಲಾಳನ್ನು ಬಚ್ಚಲ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಿದುಳು ಜ್ವರವೆಂದು ಓಣಿಗೆಲ್ಲ ಹೇಳಿಯಾಗಿತ್ತು. ಹನ್ನೊಂದು ವರ್ಷ ಮುಚ್ಚಿಟ್ಟ ಅವ್ವನ ಎಚ್‌ಐವಿ ಈಗ ಅತ್ತೆಗೆ ತಿಳಿದರೆ ಶಿರೂರಿನ ಗಂಡನ ಮನೆಯ ಬಾಗಿಲು ತನಗೂ ಕೂಸಿಗೂ ಮುಚ್ಚಿದಂತೆಯೇ.

“ನಾನ ತೊಳೀತೇನ್ರಿ ಅತ್ತಿ.”

“ನಿನ್ನ ಕೈಲೆ ಆಗಂಗಿಲ್ಲ. ಸರಿ ಅತ್ಲಾಗ.”

\*

ಕೆಲವು ದಿನಗಳ ಹಿಂದೆ ಬಾಗಲಕೋಟೆಯ ದವಾಖಾನೆಯಲ್ಲಿ ಅವ್ವನ ಬೆನ್ನಿನ ನೀರು ತೆಗೆದು ನೋಡಿದ ಡಾಕ್ಟರು ಮಿದುಳಿನ ಪೊರೆಗೆ ಶಿಲೀಂಧ್ರ ಹತ್ತಿದೆ ಎಂದಿದ್ದರು.

“ರೊಟ್ಟಿಗೆ ಬೂಸ್ಟು ಹಿಡೀತದಲ್ಲ, ಆ ಜಾತೀದು. ದಿನಾ ಗುಳಗಿ ತಗೊಳ್ಳೋರಿಗೆ ಹಿಂಗ ಬರೂದು ಕಡಿಮಿ. ಯಾವಾಗ ಬಿಟ್ರು?”

ಮಗಳು ಸಾಲಿಗೆ ಕಲಿಸಲು ಹೋಗುವಾಗ ಕೂಸು ನೋಡಿಕೊಳ್ಳಲೆಂದು ಶೈಲಾ ಮಗ್ಗ ಬಿಟ್ಟು ಶಿರೂರಿನ ಬೀಗರ ಮನೆಯಲ್ಲಿ ಏಳು ತಿಂಗಳು ಇದ್ದಳು.

“ಹೆಂಗ ತಗೊಳ್ಳಲಿ ಯವ್ವಾ?” ಶೈಲಾ ಹಾಸಿಗೆಯಿಂದಲೇ ಪಿಸುಗುಟ್ಟಿದಳು. “ನಿಮ್ಮತ್ತಿ ದಿನಾ ನನ್ನ ಮಗ್ಗಲದಾಗ ಹಾಸಿಗಿ ಹಾಸತಿದ್ರು. ನನ್ನ ಬಿಟ್ಟು ಚಾನೂ ಕುಡೀತಿದ್ದಿಲ್ಲ. ಗುಳಗಿ ಡಬ್ಬಿ ಕಂಡಿದ್ರ ನಿನ್ನ ಬಾಳೇವು ಏನಾಗತಿತ್ತು?”

ಮಹೇಶ್ವರಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅತ್ತೆಯ ಆ ಅಕ್ಕರೆಯ ಮೇಲೆ.

\*

“ಹೊರಗ ಪಾದೋದಕ ಕೊಡಾಕ ಅಯ್ಯನೋರು ಕಾಯಾಕತ್ತಾರ,” ಎನ್ನುತ್ತ ನೀಲಾಬಾಯಿ ಸೊಸೆಯ ಕೈ ಸರಿಸಿಯೇಬಿಟ್ಟರು. ಬೆರಳಿಗೆ ಅರಿವೆ ಸುತ್ತಿ ಬಾಯಿ ಅಗಲಿಸಿದರು. ನಾಲಿಗೆಯ ಮೇಲೂ ಕೆನ್ನೆಯ ಒಳಗೂ ಮೊಸರು ಮೆತ್ತಿದ ಹಾಗೆ ಬೆಳ್ಳಗಿತ್ತು. ಅವರ ಕೈ ನಿಂತಿತು.

ಎದ್ದು ಹೋಗಿ ಬಚ್ಚಲ ಬಾಗಿಲಿಗೆ ಚಿಲಕ ಹಾಕಿದರು. ಇನ್ನು ಮುಗಿಯಿತು ಎಂದುಕೊಂಡಳು ಮಹೇಶ್ವರಿ.

“ನನ್ನ ತಮ್ಮ ನಾಗಲಿಂಗನ ಬಾಯಾಗೂ ಹಿಂಗ ಆಗಿತ್ತು,” ನೀಲಾಬಾಯಿಯ ದನಿ ತಗ್ಗಿತ್ತು. “ಒಂಬತ್ತು ವರ್ಷಾತು, ಗುಳಗಿ ತಗೋತಾನ. ಗಟ್ಟಿ ಅದಾನ. ತಿಳದ್ರ ನಮ್ಮ ಮನಿಗೆ ಹೆಣ್ಣು ಕೊಡಂಗಿಲ್ಲಂತ ನಿಮ್ಮ ಮುಂದ ನಾ ಬಾಯಿ ಬಿಡಲಿಲ್ಲ.”

“ನಿಮಗ ಕಾಣಬಾರದಂತ ಅವ್ವ ಗುಳಗಿ ಬಿಟ್ಲು ಅತ್ತಿ,” ಎಂದಳು ಮಹೇಶ್ವರಿ.

“ಏಳ ತಿಂಗಳು ಮಗ್ಗಲದಾಗ ಮಲಗಿದ್ನಲ್ಲವ್ವಾ ನಾ.”

ಹೊತ್ತಾಯಿತೆಂದು ಹೊರಗೆ ಅಯ್ಯನವರು ಕೂಗಿದರು. ನೀಲಾಬಾಯಿ ಬೀಗತಿಯ ಬಾಯನ್ನು ಮೆಲ್ಲಗೆ ಒರೆಸಿ, ಒದ್ದೆ ನೆಲದಲ್ಲೇ ಅವಳ ಪಕ್ಕ ಗೋಡೆಗೆ ಒರಗಿ ಕೂತರು. ಶೈಲಾಳ ತಲೆ ಜಾರಿ ಅವರ ಹೆಗಲಿಗೆ ವಾಲಿತು. ಅವರು ಅದನ್ನು ಸರಿಸಲಿಲ್ಲ.