ಮೊದಲು ಹಸು ಇಳಿಯಲಿ

ಕರಂಗ್‌ಸಾರಿಯ ಪಾಕ್ ತುಗಿಮಾನ್‌ಗೆ ಹೆಂಡತಿ ಒಬ್ಬಳು, ಹಸು ಒಂದು. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಊರಲ್ಲಿ ಯಾರನ್ನು ಕೇಳಿದರೂ ನಕ್ಕು ಸುಮ್ಮನಾಗುತ್ತಾರೆ. ಹೆಂಡತಿ ಬು ಲಾಸ್ಮಿಯನ್ನೇ ಕೇಳಿದರೆ, "ಹಸೂಗೆ ಎರಡು ಹೊತ್ತು ಮೈ ತಿಕ್ಕಿ ತೊಳೀತಾರೆ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ರೆ ಅದೇ ದೊಡ್ಡದು" ಎನ್ನುತ್ತಾಳೆ.

ಊರು ಇರುವುದು ಜಾವಾದ ಒಂದು ಬೆಂಕಿಬೆಟ್ಟದ ಮಗ್ಗುಲಲ್ಲಿ. ಅಲ್ಲಿ ಹಿರಿಯ ಗಂಡಸರನ್ನು ಪಾಕ್ ಎಂದೂ ಹೆಂಗಸರನ್ನು ಬು ಎಂದೂ ಕರೆಯುತ್ತಾರೆ. ಆ ಬೆಟ್ಟವನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅದು ಅಜ್ಜ. ಹೊಗೆ ಬಿಟ್ಟರೆ "ಅಜ್ಜ ಬೀಡಿ ಸೇದ್ತಿದಾನೆ", ಗುಡುಗಿದರೆ "ಅಜ್ಜ ಕೆಮ್ತಿದಾನೆ". ಇಷ್ಟು ಸಲಿಗೆ ಇದ್ದರೂ ಅಜ್ಜನ ಮೈಮೇಲಿಂದ ಉರುಳಿ ಬರುವ ಬಿಸಿ ಮೋಡವೆಂದರೆ ಎಲ್ಲರಿಗೂ ನಡುಕ. ಬೂದು ಬಣ್ಣದ ಅದರ ಮುದ್ದೆ ಮುದ್ದೆ ಆಕಾರ ನೋಡಿ ಅದಕ್ಕೆ 'ಗುಂಗುರು ಕುರಿ' ಎಂದು ಹೆಸರಿಟ್ಟಿದ್ದಾರೆ. ಅದನ್ನು ಓಡಿ ಹಿಂದೆ ಹಾಕಿದವರು ಇದುವರೆಗೆ ಯಾರೂ ಇಲ್ಲ.

ಆ ವಾರ ಎಚ್ಚರಿಕೆ ಮೂರನೇ ಮಟ್ಟಕ್ಕೆ ಏರಿತು. ನಾಲ್ಕಕ್ಕೆ ಏರಿದರೆ ಊರಿಗೆ ಊರೇ ಖಾಲಿ ಮಾಡಬೇಕು. ಮೂರರಲ್ಲೇ ಮುದುಕರು, ಮಕ್ಕಳು, ಬಸುರಿಯರು, ದನಕರು ಕೆಳಗಿಳಿಯಬೇಕು. ಪಕ್ಕದ ಮನೆಯ ರೆತ್ನೊ ಊರಿನ ರಕ್ಷಣಾ ದಳದ ಹುಡುಗಿ. ಮನೆ ಮನೆ ಸುತ್ತಿ ಕೊನೆಗೆ ತುಗಿಮಾನನ ಕೊಟ್ಟಿಗೆಗೆ ಬಂದಳು.

"ಪಾಕ್, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬರತ್ತೆ. ಮಾನಿಸ್‌ನ ಹತ್ತಿಸಿ ಕಳಿಸಿಬಿಡಿ."

ಮಾನಿಸ್ ಎಂದರೆ ಹಸು. ತುಂಬಿದ ಗಬ್ಬ, ಇಂದೋ ನಾಳೆಯೋ ಎನ್ನುವಂತಿತ್ತು.

"ಲಾರಿನಾ? ಈ ಹೊಟ್ಟೆ ಇಟ್ಕೊಂಡು? ಕುಲುಕಾಟಕ್ಕೆ ದಾರೀಲೇ ಕರು ಬಿದ್ರೆ ನೀನು ಹಿಡ್ಕೋತೀಯಾ?"

"ಈಗ ಹೋದ್ರೆ ಲಾರಿ ಮೆಲ್ಲಗೆ ಹೋಗತ್ತೆ ಪಾಕ್. ಓಡಿ ಓಡಿ ಅನ್ನೋ ಹೊತ್ತಲ್ಲಿ ಹತ್ತಿಸಿದ್ರೇನೇ ಕುಲುಕಾಟ. ಅಲ್ಲಿ ದನಕ್ಕೆ ಸೂರು ಹಾಕಿದಾರೆ, ಡಾಕ್ಟ್ರು ಇದಾರೆ, ಕಿವಿಗೆ ನಂಬರ್ ಬಿಲ್ಲೆ ಹಾಕ್ತಾರೆ. ಒಬ್ಬರದ್ದು ಒಬ್ಬರಿಗೆ ಬದಲಾಗಲ್ಲ."

"ಅಲ್ಲಿ ಒಣಹುಲ್ಲು ಹಾಕ್ತಾರೆ. ನನ್ನ ಮಾನಿಸ್ ಒಣಹುಲ್ಲು ಮೂಸಿ ಕೂಡ ನೋಡಲ್ಲ. ಹೋಗಮ್ಮಾ ಹೋಗು. ಅಜ್ಜ ಸುಮ್ನೆ ಕೆಮ್ತಿದಾನೆ. ಊರೆಲ್ಲ ಇಳೀಲಿ, ನಾನು ದಿನಾ ಬೆಳಿಗ್ಗೆ ಬಂದು ಹುಲ್ಲು ಹಾಕಿ ಹೋಗ್ತೀನಿ. ಹೋದ ಸಲ ಹಾಗೇ ಮಾಡ್ಲಿಲ್ವಾ?"

ಒಳಗೆ ಕೆಂಪುಗೆಣಸು ಬೇಯಿಸುತ್ತಿದ್ದ ಲಾಸ್ಮಿಯ ಕೈ ನಿಂತಿತು. ಹೋದ ಸಲ! ಆ ಹನ್ನೊಂದು ದಿನವನ್ನು ಅವಳು ಸಾಯುವವರೆಗೆ ಮರೆಯುವವಳಲ್ಲ. ಊರಿಗೆ ಊರೇ ಕೆಳಗಿನ ಶಿಬಿರದಲ್ಲಿತ್ತು. ಗಂಡಸರು ಮಾತ್ರ ಬೆಳಗಾಗುತ್ತಲೇ ಬೈಕು ಹತ್ತಿ, ತಡೆಗೋಲಿನ ಪಕ್ಕದ ಕಾಲುದಾರಿಯಲ್ಲಿ ನುಸುಳಿ, ಊರಲ್ಲೇ ಬಿಟ್ಟಿದ್ದ ದನಗಳಿಗೆ ಹುಲ್ಲು ಕೊಯ್ಯಲು ಮೇಲೆ ಹೋಗುತ್ತಿದ್ದರು. ಲಾಸ್ಮಿ ಶಿಬಿರದ ಬಾಗಿಲಲ್ಲಿ ಅನ್ನದ ಪೊಟ್ಟಣ ಹಿಡಿದು ನಿಂತಿರುತ್ತಿದ್ದಳು. ತುಗಿಮಾನ್ ತಲೆಯಿಂದ ಕಾಲಿನವರೆಗೆ ಬೂದಿ ಬಳಿದುಕೊಂಡು ಬಂದು "ನೋಡೇ, ಮುದುಕ ಆಗ್ಬಿಟ್ಟೆ" ಎಂದು ನಗಿಸುತ್ತಿದ್ದ. ಹನ್ನೊಂದನೆಯ ದಿನ ಅವನೇನೋ ಬಂದ. ಅವನ ಜೊತೆ ಹೋಗಿದ್ದ ಪಾಕ್ ಸಾರ್ಜು ಬರಲಿಲ್ಲ. ಅವತ್ತಿನಿಂದ ಬೆಟ್ಟ ಗುಡುಗಿದರೆ ಲಾಸ್ಮಿ ಮೊದಲು ಗಂಡ ಎಲ್ಲಿದ್ದಾನೆಂದು ಹುಡುಕುತ್ತಾಳೆ.

ಅವಳು ಹಿತ್ತಿಲ ಬಾಗಿಲಿಂದ ರೆತ್ನೊಳನ್ನು ಒಳಗೆ ಎಳೆದುಕೊಂಡಳು.

"ಇವರನ್ನ ಒಪ್ಪಿಸೋದು ನಿನ್ನ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ. ನೀನು ಲಾರಿ ಕಳಿಸು. ಹಸು ಎಲ್ಲಿರತ್ತೋ ಇವರೂ ಅಲ್ಲೇ ಇರ್ತಾರೆ."

"ಬು ಲಾಸ್ಮಿ, ಪಾಕ್ ಬೈಯಲ್ವಾ?"

"ಬೈಯಲಿ ಬಿಡು. ಬೈಯೋಕೆ ಜೀವಂತ ಇದ್ರೆ ಸಾಕು."

ಮರುದಿನ ತುಗಿಮಾನ್ ಕುಡುಗೋಲು ಹಿಡಿದು ಮೇಲಿನ ಹುಲ್ಲುಗಾವಲಿಗೆ ಹೋದದ್ದೇ ತಡ, ಲಾರಿ ಬಂತು. ಓಣಿಯ ದಿಬ್ಬಕ್ಕೆ ಅದರ ಬೆನ್ನು ತಾಗಿಸಿ ನಿಲ್ಲಿಸಿದರು. ಜಾರದಿರಲಿ ಎಂದು ಒಳಗೆ ಹುಲ್ಲು ಹರಡಿದರು. ಮಾನಿಸ್ ಮಾತ್ರ ನಾಲ್ಕು ಕಾಲೂ ನೆಲಕ್ಕೆ ನೆಟ್ಟು ನಿಂತಿತು. ಡ್ರೈವರ್ ಹಿಂದಿನಿಂದ ದೂಡಿದ, ರೆತ್ನೊ ಮುಂದಿನಿಂದ ಎಳೆದಳು. ಊಹೂಂ, ಒಂದು ಗೇಣು ಅಲುಗಲಿಲ್ಲ. ಲಾಸ್ಮಿ ಹಗ್ಗದ ಮೇಲೆ ನೇತಾಡುತ್ತಿದ್ದ ಗಂಡನ ಒಗೆಯದ ಲುಂಗಿಯನ್ನು ತಂದು ಹಸುವಿನ ಕಣ್ಣಿಗೆ ಕಟ್ಟಿದಳು. ಹಸು ಅದನ್ನು ಮೂಸಿತು, ಒಮ್ಮೆ ಅಂಬಾ ಎಂದಿತು, ಸೀದಾ ಲಾರಿ ಹತ್ತಿತು.

"ಇಪ್ಪತ್ತಾರು ವರ್ಷದಿಂದ ಆ ಲುಂಗಿ ಒಗೀತಾ ಇದೀನಿ," ಎಂದಳು ಲಾಸ್ಮಿ. "ಆ ವಾಸನೆಗೆ ನಾನು ಒಂದು ದಿನಾನೂ ಇಷ್ಟು ಖುಷಿಪಡ್ಲಿಲ್ಲ ಕಣೇ!"

ಲಾರಿ ಹೋಯಿತು. ಲಾಸ್ಮಿ ಅಡುಗೆಮನೆಗೆ ಬಂದು ಸೂರಿನ ಬಿದಿರ ಕೊಳವೆಯಲ್ಲಿ ತುರುಕಿಟ್ಟಿದ್ದ ಜಮೀನು ಪತ್ರ, ಸಂಸಾರದ ಕಾರ್ಡು, ಹಸುವಿನ ಕಾರ್ಡು ಎಲ್ಲ ಎಳೆದು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯುತ್ತಿದ್ದಳು. ಆಗ ಕಾವಲು ಗುಡಿಸಲಿನ ಟೊಳ್ಳುಮರದ ಎಚ್ಚರಿಕೆ ಗಂಟೆ ಕೆಂಟೊಂಗನ್ ಮೊಳಗತೊಡಗಿತು. ಐದು ಏಟು, ಬಿಡುವು, ಮತ್ತೆ ಐದು. ಐದೈದು ಹೊಡೆದರೆ ದನದ ಕಳ್ಳ ಬಂದಿದ್ದಾನೆ ಎಂದು ಅರ್ಥ. ಅಯ್ಯೋ, ಹಾಡಹಗಲೇ ಎಂಥ ಕಳ್ಳ ಇವನು ಎಂದುಕೊಂಡು ಲಾಸ್ಮಿ ಒನಕೆ ಹಿಡಿದು ಓಡಿದಳು.

ಊರೆಲ್ಲ ದೊಣ್ಣೆ, ಕುಡುಗೋಲು ಹಿಡಿದು ಸೇರಿತ್ತು. ಕೆಂಟೊಂಗನ್ ಬಡಿಯುತ್ತಿದ್ದವನು ತುಗಿಮಾನ್.

"ನನ್ನ ಮಾನಿಸ್! ಗಬ್ಬದ ಹಸು ಕಣ್ರೋ! ಕೊಟ್ಟಿಗೆ ಖಾಲಿ! ನನ್ನ ಲುಂಗಿನೂ ಬಿಟ್ಟಿಲ್ಲ ಬೋಳಿಮಗ!"

ಲಾಸ್ಮಿ ಒನಕೆ ಕೆಳಗಿಟ್ಟಳು. "ರೀ, ಬಡೀಬೇಡಿ. ಕಳ್ಳಿ ನಾನೇ."

ಎತ್ತಿದ ದೊಣ್ಣೆಗಳೆಲ್ಲ ಕೆಳಗಿಳಿದವು. ಆಮೇಲೆ ಯಾರೋ ಕಿಸಕ್ಕೆಂದರು, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೆ?"

"ಕೇಳಿದ್ರೆ ಬೇಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ."

ತುಗಿಮಾನ್ ಹುಲ್ಲಿನ ಹೊರೆಯನ್ನು ಬೈಕಿಗೆ ಕಟ್ಟಿ, ಹೆಂಡತಿಯನ್ನು ಹತ್ತಿಸಿಕೊಳ್ಳುವುದನ್ನೂ ಮರೆತು ಹಸುವಿನ ಹಿಂದೆ ಇಳಿದು ಹೋದ. ಹೇಗೂ ಜನ ಸೇರಿದ್ದರಲ್ಲ, ರೆತ್ನೊ ಅಲ್ಲೇ ದನಗಳ ಪಟ್ಟಿ ತೆಗೆದಳು. ಸಂಜೆಯೊಳಗೆ ಇನ್ನೂ ಹದಿನಾಲ್ಕು ಹಸು ಕೆಳಗಿಳಿದವು. ಮೂರನೆಯ ದಿನ ಎಚ್ಚರಿಕೆ ನಾಲ್ಕಕ್ಕೇರಿತು, ಲಾಸ್ಮಿಯೂ ಉಳಿದ ಜನವೂ ಇಳಿದರು.

ಶಿಬಿರದಲ್ಲಿ ತುಗಿಮಾನ್ ಹೇಳಿದ್ದು ಒಂದು ಮಾತ್ರ ನಿಜವಾಯಿತು. ಅವನು ತಂದಿದ್ದ ಹೊರೆ ಮುಗಿದ ಮೇಲೆ ಮಾನಿಸ್ ಒಣಹುಲ್ಲಿಗೆ ಮುಖ ತಿರುವಿತು. ಊರು ಇಳಿದ ಮೇಲೂ ಎರಡು ದಿನ ತಾಳಿಕೊಂಡ ಗಂಡಸು ಮೂರನೆಯ ಬೆಳಿಗ್ಗೆ ಬೈಕು ಶುರು ಮಾಡಿದ.

"ಅರ್ಧ ಗಂಟೆ ಕಣೇ. ಒಂದು ಹೊರೆ ಹಸಿಹುಲ್ಲು ಕೊಯ್ದು ಬಂದ್ಬಿಡ್ತೀನಿ. ಆಕಾಶ ನೋಡು, ಎಷ್ಟು ತಿಳಿಯಾಗಿದೆ."

ಲಾಸ್ಮಿ ಅಳಲಿಲ್ಲ, ಬೈಯಲಿಲ್ಲ. ಪತ್ರದ ಚೀಲವನ್ನು ರೆತ್ನೊ ಕೈಗೆ ಕೊಟ್ಟಳು. "ಇದನ್ನ ಸೆಮಾರಾಂಗ್‌ನಲ್ಲಿರೋ ನಮ್ಮ ಮಗಳಿಗೆ ತಲುಪಿಸಿಬಿಡು" ಎಂದು ಬೈಕಿನ ಹಿಂದೆ ಹತ್ತಿ ಕೂತಳು.

"ನೀನ್ಯಾಕೆ?"

"ನಿಮಗೆ ಏನೂ ಆಗಲ್ಲ ಅಂದ್ರೆ ನನಗೂ ಆಗಲ್ಲ. ನಡೀರಿ."

"ಇಳಿಯೇ. ಅಲ್ಲಿ ಅಪಾಯ."

"ಓಹೋ, ಅಪಾಯಾನಾ? ಈಗ ಅರ್ಧ ಗಂಟೆ ಅಂದ್ರಲ್ಲ?" ಲಾಸ್ಮಿ ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. "ಹನ್ನೊಂದು ದಿನ ನಾನು ಆ ಬಾಗಿಲಲ್ಲಿ ನಿಂತಿದ್ದೆ ರೀ. ಇನ್ನು ನಿಲ್ಲಲ್ಲ. ಹೋಗೋದಾದ್ರೆ ಇಬ್ಬರೂ ಹೋಗೋಣ."

ಬೈಕು ಗುರುಗುಟ್ಟುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ತುಗಿಮಾನ್ ಅದನ್ನು ಆರಿಸಿದ.

"ಪಾಕ್," ಎಂದಳು ರೆತ್ನೊ, "ಈ ಊರಿನ ಕಾಲುವೆ ಬದುವಿನಲ್ಲಿ ಮೊಣಕಾಲೆತ್ತರ ಹುಲ್ಲಿದೆ. ಯಾಕೆ ಕೊಯ್ಯಲ್ಲ?"

ತುಗಿಮಾನ್ ತಲೆ ತಗ್ಗಿಸಿದ. "ಪರರ ಜಾಗ. ಯಾವ ಮುಖ ಹೊತ್ತು ಕೇಳ್ಲಿ? ಭಿಕ್ಷೆ ಬೇಡಿದ ಹಾಗೆ."

ಇದಪ್ಪಾ ನಾಚಿಕೆ! ಹುಲ್ಲು ಕೇಳಲು ನಾಚಿಕೆಪಟ್ಟು ಬೆಂಕಿಯ ಬಾಯಿಗೆ ಹೊರಟಿದ್ದ ಮಹಾರಾಯ. ಲಾಸ್ಮಿ ಅವನ ತೋಳು ಹಿಡಿದು ಗದ್ದೆಯ ಯಜಮಾನನ ಮುಂದೆ ನಿಲ್ಲಿಸಿದಳು. ಆತ ನಕ್ಕುಬಿಟ್ಟ. "ಕೊಯ್ಕೊಳ್ಳಿ ಪಾಕ್. ಕಬ್ಬಿನ ಸೋಗೆನೂ ತಗೊಂಡು ಹೋಗಿ. ನನಗೆ ಬದು ಸವರೋ ಕೆಲಸ ಉಳೀತು!"

ಗಂಡ ಹೆಂಡತಿ ಬದುವಿನಲ್ಲಿ ಬಗ್ಗಿ ಕೊಯ್ಯುತ್ತಿದ್ದಾಗ ನೆಲ ಸಣ್ಣಗೆ ನಡುಗಿತು. ತಲೆ ಎತ್ತಿದರು. ಅಜ್ಜನ ಹೆಗಲಿಂದ ಬೂದು ಬಣ್ಣದ ಗುಂಗುರು ಕುರಿ ಉರುಳಿ, ಕರಂಗ್‌ಸಾರಿಯ ಮೇಲಿನ ಹುಲ್ಲುಗಾವಲನ್ನು ಪೂರಾ ಮುಚ್ಚಿ, ಊರಿನ ಅಂಚಿಗೆ ಬಂದು ನಿಂತಿತು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ತುಗಿಮಾನ್ ಕುಡುಗೋಲು ಹಿಡಿದೇ ನಿಂತಿದ್ದ. "ಈ ಹೊತ್ತಿಗೆ ನಾನು ಅಲ್ಲೇ ಬಗ್ಗಿ ಕೊಯ್ತಾ ಇರ್ತಿದ್ದೆ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನೂ" ಎಂದ. ಬೆಟ್ಟ ನೋಡಲು ಬದುವಿಗೆ ಓಡಿಬಂದಿದ್ದ ಅಷ್ಟು ಜನರ ಎದುರಿಗೇ ಮಗುವಿನ ಹಾಗೆ ಅತ್ತುಬಿಟ್ಟ. ಲಾಸ್ಮಿ ಅವನ ಹಣೆ ಒರೆಸಿದಳು, ತಾನೂ ಅತ್ತಳು.

ಎರಡು ದಿನ ಬಿಟ್ಟು ಮಾನಿಸ್ ಹೆಣ್ಣುಕರು ಹಾಕಿತು. ಈಗ ಎಚ್ಚರಿಕೆ ಮೂರಕ್ಕೆ ಏರಿದರೆ ರೆತ್ನೊಗಿಂತ ಮೊದಲು ಮನೆ ಮನೆ ಬಾಗಿಲು ತಟ್ಟುವವನು ತುಗಿಮಾನ್. ಯಾರಾದರೂ ಹಟ ಹಿಡಿದರೆ, "ನಿನ್ನ ಹೆಂಡ್ತಿನ ಕರಿ, ನಾನು ಅವಳ ಹತ್ರ ಮಾತಾಡ್ತೀನಿ" ಎನ್ನುತ್ತಾನೆ.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಲ್ಲಿ ಬೆಂಕಿಬೆಟ್ಟ ಇಲ್ಲದಿರಬಹುದು. ಉಕ್ಕುವ ಹೊಳೆ ಇದೆ, ಕುಸಿಯುವ ಗುಡ್ಡ ಇದೆ, ಮೇಲೇರುವ ಕಡಲು ಇದೆ. ಹೊರಡಿ ಎಂದು ಡಂಗುರ ಸಾರುವವರೆಗೆ ಕಾಯಬೇಡಿ. ದನಕರುಗಳನ್ನು ಮೊದಲೇ ಸಾಗಿಸಿ, ಇಲ್ಲದಿದ್ದರೆ ಅವುಗಳ ಹಿಂದೆ ಮನೆಯ ಮನುಷ್ಯ ವಾಪಸ್ಸು ಓಡುತ್ತಾನೆ. ಕಾಗದ ಪತ್ರಗಳು ಒಂದೇ ಚೀಲದಲ್ಲಿ ಕೈಗೆ ಸಿಗುವಂತಿರಲಿ. ಪರವೂರಿನಲ್ಲಿ ಒಂದು ಹೊರೆ ಮೇವು ಕೇಳಲು ನಾಚಿಕೊಳ್ಳಬೇಡಿ, ನಾಳೆ ಅವರೂ ನಿಮ್ಮೂರಿಗೆ ಬರಬೇಕಾಗಬಹುದು. ಸುಟ್ಟ ಹುಲ್ಲು ಒಂದು ಮಳೆಗೆ ಮತ್ತೆ ಚಿಗುರುತ್ತದೆ. ಅದನ್ನು ಕೊಯ್ಯಲು ನೀವು ಇರಬೇಕಲ್ಲ!