ಗೊಂಬೆ ಕಪ್ಪಿನ ಕಾಫಿ

ಏಪ್ರಿಲ್‌ ಬಂತೆಂದರೆ ಮೂರು ವಾರ ತಾಯ್ಮಿಯ ದ್ವೀಪಕ್ಕೆ ಯಾರೂ ಬರಲಾರರು, ಅಲ್ಲಿಂದ ಯಾರೂ ಹೋಗಲಾರರು. ಚಳಿಗಾಲವೆಲ್ಲ ನಡೆದು ದಾಟುವ ಸಮುದ್ರದ ಮೇಲಿನ ಮಂಜುಗಡ್ಡೆ ಆಗ ಕಾಲಿಟ್ಟರೆ ಮುರಿಯುತ್ತದೆ, ದೋಣಿಗೂ ದಾರಿ ಬಿಡುವುದಿಲ್ಲ. ಎರಡೂ ಕಿಡ್ನಿ ಕೈಕೊಟ್ಟ ತಾಯ್ಮಿಗೋ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆ, ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ದಡದಲ್ಲೇ ಒಂದು ಫ್ಲಾಟ್ ನೋಡಿಕೊಳ್ಳಿ ಎಂದರು ಡಾಕ್ಟರು. ನಲವತ್ತು ವರ್ಷ ಬಲೆ ಬೀಸಿದ ಹೆಂಗಸು ಜಗ್ಗಲಿಲ್ಲ. ಹಾಗೆ ದ್ವೀಪ ಬಿಟ್ಟ ಕಾಯಿಲೆಯವರು ಯಾರೂ ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ.

"ಮಷಿನ್ನೇ ನನ್ನ ಮನೆಗೆ ಕೊಡಿ" ಎಂದಳು.

ಕೊಡುತ್ತಾರೆ, ಆದರೆ ಷರತ್ತು ಎರಡು. ಸತತ ಆರು ಸಲ ಯಾರ ಸಹಾಯವೂ ಇಲ್ಲದೆ ತನ್ನ ತೋಳಿಗೆ ತಾನೇ ಸೂಜಿ ಹಾಕಿಕೊಳ್ಳಬೇಕು. ಒಂದು ಸರದಿಯಿಂದ ಇನ್ನೊಂದಕ್ಕೆ ತೂಕ ಎರಡು ಕಿಲೋಗಿಂತ ಏರಬಾರದು. ಮೂತ್ರ ನಿಂತುಹೋದ ಮೈ ಅದು, ಕುಡಿದದ್ದೆಲ್ಲ ಒಳಗೇ ಉಳಿಯುತ್ತದೆ. ಸೂಪೂ ಸೇರಿ ದಿನಕ್ಕೆ ಅರ್ಧ ಲೀಟರ್, ಅಷ್ಟೇ.

ಸೂಜಿಗೆ ಅವಳು ಹೆದರಲಿಲ್ಲ. ಸೋಲಿಸಿದ್ದು ಕಾಫಿ. ನಾಲ್ಕು ಸಲ ಗೆದ್ದಿದ್ದಳು. ಭಾನುವಾರ ಪಕ್ಕದ ಮನೆಯ ಉರ್ಪೊ ಕರೆದ. ಆ ಊರಲ್ಲಿ ಕಾಫಿ ಬೇಡವೆಂದರೆ ನಿಮ್ಮ ಮುಖವೇ ಬೇಡ ಎಂದ ಹಾಗೆ.

"ಏನು ತಾಯ್ಮಿ, ಆಸ್ಪತ್ರೆ ಕಾಫಿ ರುಚಿ ಹತ್ತಿಬಿಡ್ತಾ? ನಮ್ಮದು ಸೇರಲ್ವಾ?"

ಮೂರು ಮಗ್ ಇಳಿಸಿದಳು. ಸೌನಾದ ಹಬೆಯಲ್ಲಿ ಕೂತು ಬೆವರಿಳಿಸಿದರಾಯಿತು ಎಂದುಕೊಂಡಳು. ಸೌನಾಕ್ಕೆ ಬಗ್ಗದ ಕಾಯಿಲೆ ಇದೆಯೆಂದು ಆ ಜನ ಸತ್ತರೂ ಒಪ್ಪುವುದಿಲ್ಲ! ಬೆವರೇನೋ ಇಳಿಯಿತು. ಆದರೆ ಗಂಟಲು ಒಣಗಿ, ಕೈಗೆ ಸಿಕ್ಕ ಚೊಂಬಿನ ನೀರನ್ನೆಲ್ಲ ಗಟಗಟ ಕುಡಿದಳು. ಸೋಮವಾರ ತಕ್ಕಡಿ ಮೂರೂವರೆ ಕಿಲೋ ಹೆಚ್ಚು ತೋರಿಸಿತು. ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆಯಬೇಕಾಯಿತು.

ನರ್ಸ್ ಸೈಲಾ ಬೈಯಲಿಲ್ಲ. "ಲೆಕ್ಕ ಮತ್ತೆ ಒಂದರಿಂದ, ತಾಯ್ಮಿ. ಮಂಜುಗಡ್ಡೆ ಇನ್ನೆಷ್ಟು ದಿನ ತಡೆಯುತ್ತೆ?"

"ಹದಿನೈದು. ಅದೇ ಹೆಚ್ಚು."

"ನಮಗೆ ಹದಿನಾಲ್ಕು ಸಾಕು."

ಮನೆಗೆ ಬಂದವಳು ನಾಚಿಕೆಯಿಂದ ಒಂದಿಷ್ಟು ಅತ್ತಳು. ಆಮೇಲೆ ಅಟ್ಟ ಹತ್ತಿ, ತಾನು ಚಿಕ್ಕವಳಿದ್ದಾಗ ಆಡಿದ ಗೊಂಬೆ ಸಾಮಾನಿನ ಪೆಟ್ಟಿಗೆ ತೆಗೆದಳು. ಎರಡು ಚಮಚ ಹಿಡಿಯುವ ಪಿಂಗಾಣಿ ಕಪ್ಪೊಂದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋಗಿ ಉರ್ಪೊನ ಮೇಜಿನ ಮೇಲಿಟ್ಟಳು.

"ತುಂಬಿಸು."

ಉರ್ಪೊ ಕೆಮ್ಮು ಬರುವ ತನಕ ನಕ್ಕ. "ಏನಿದು, ಇಲಿ ಮರಿಗೆ ನಾಮಕರಣಾನಾ?"

"ಮೂರು ಸಲ ತುಂಬಿಸು. ಮರ್ಯಾದೆ ಕಮ್ಮಿ ಆಗ್ಬಾರ್ದು."

ಇಡೀ ಊರು ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ! ಕಪ್ ಮಾತ್ರ ಜೇಬು ಬಿಟ್ಟು ಕದಲಲಿಲ್ಲ, ತೂಕವೂ ಮಿತಿ ಮೀರಲಿಲ್ಲ. ನಲ್ಲಿ, ವೈರು ಎಲ್ಲ ಹಾಕಿಸಿ ಮಷಿನ್ನಿಗೆ ಕೋಣೆಯನ್ನೂ ಸಿದ್ಧ ಮಾಡಿದಳು.

ಐದನೆಯ ಸಲ ಸೂಜಿ ರಕ್ತನಾಳ ತಪ್ಪಿತು. ತೋಳು ಊದಿ ನೀಲಿಗಟ್ಟಿತು. ಸೈಲಾ ಕೈಚಾಚಿದಳು.

"ಮುಟ್ಬೇಡ" ಎಂದಳು ತಾಯ್ಮಿ. ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, ರಕ್ತ ನಿಲ್ಲುವ ತನಕ ಕಾದಳು. ನಾಲ್ಕು ಬೆರಳು ಮೇಲೆ ನಾಳವನ್ನು ತಡವಿ ಹುಡುಕಿ, ಹಲ್ಲು ಕಚ್ಚಿಕೊಂಡು ಮತ್ತೆ ಚುಚ್ಚಿದಳು. ಕೊಳವೆಯಲ್ಲಿ ಕೆಂಪು ಏರಿತು.

ಆರನೆಯದೂ ಆಯಿತು. ಮರುದಿನ ಮಷಿನನ್ನು ಸ್ಲೆಡ್ಜಿಗೆ ಕಟ್ಟಿ, ಕಣಕಾಲು ಮುಳುಗುವ ಕರಗುನೀರಿನಲ್ಲಿ ಎಳೆದು ತಂದವನು ಉರ್ಪೊನೇ. ಬುಧವಾರ ಬೆಳಿಗ್ಗೆ ಮಂಜುಗಡ್ಡೆ ಬಿರಿಯಿತು.

ಅಂದು ಮಷಿನ್ ತಿರುಗುತ್ತಿದ್ದಾಗ ಉರ್ಪೊ ಬಂದ. ಸೂಜಿ ಕಂಡು ಮುಖ ತಿರುಗಿಸಿಕೊಂಡ. ತಾನೇ ಒಲೆ ಹಚ್ಚಿ ಕಾಫಿ ಮಾಡಿ, ಗೊಂಬೆ ಕಪ್ಪಿಗೆ ಬಗ್ಗಿಸಿ ಅವಳ ಕೈಗಿತ್ತ. ತನ್ನ ಮಗ್ ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ಆ ಪೆಟ್ಟಿಗೇಲಿ ಇಂಥದ್ದೇ ಇನ್ನೊಂದು ಇದೆಯಾ?"

"ಇದೆ, ಅಟ್ಟದಲ್ಲಿ. ನಿಧಾನವಾಗಿ ಹುಡುಕು" ಎಂದಳು ತಾಯ್ಮಿ. "ನಾನೆಲ್ಲೂ ಹೋಗಲ್ಲ."